ವಿಪತ್ತು, ಪ್ರಾರ್ಥನೆ ಮತ್ತು ಪ್ರಭುತ್ವ: ಶರಣರ ದೃಷ್ಟಿಯಲ್ಲಿ



ಕುಮುದ್ವತಿ ನದಿಯ ದಂಡೆಯ ಮೇಲಿರುವ ರಟ್ಟೀಹಳ್ಳಿಯು ಪ್ರಾಚೀನವಾದ ಊರು. ಇಲ್ಲಿಯ ಕದಂಬೇಶ್ವರ ದೇವಾಲಯವೂ ಅದರ ಶಾಸನಗಳೂ 12ನೆಯ ಶತಮಾನದಲ್ಲಿಯೇ ಈ ಊರು ಹೆಸರಾಗಿತ್ತೆಂಬುದಕ್ಕೆ ಸಾಕ್ಷಿಯಾಗಿವೆ. ಬಹುಕಾಲ ಹಿರೇಕೆರೂರು ತಾಲ್ಲೂಕಿಗೆ ಸೇರಿದ್ದ ಈ ಊರು 2018ರಲ್ಲಿ ತಾನೇ ಒಂದು ತಾಲ್ಲೂಕಿನ ಕೇಂದ್ರವಾಯಿತು. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನ ನಾಡಿದು. ಆದ್ದರಿಂದ ಇಲ್ಲಿಯ ಒಕ್ಕಲಿಗನಿಗೆ ಎರಡು ಭಯಗಳು. ಮುಂಗಾರು ಕೈಕೊಟ್ಟರೆ ಗೋವಿನಜೋಳವೂ ಹತ್ತಿಯೂ ಹೊಲದಲ್ಲಿಯೇ ಒಣಗುತ್ತವೆ. ಮೇಲಣ ಹೊಸನಗರ, ಶಿಕಾರಿಪುರದ ಸೀಮೆಯಲ್ಲಿ ಮಳೆ ಮಿತಿಮೀರಿದರೆ ತನ್ನೂರಲ್ಲಿ ಹನಿ ಬೀಳದಿದ್ದರೂ ಹೊಳೆ ಬಂದು ಹೊಲಕ್ಕೆ ನುಗ್ಗುತ್ತದೆ. ಎರಡೂ ಸಂದರ್ಭಗಳಲ್ಲಿ ಅವನ ಕೈಗಳು ತಾವಾಗಿಯೇ ಮುಗಿಯುತ್ತವೆ.

ಈ ಮುಗಿದ ಕೈಗಳನ್ನು ಹಾಸ್ಯ ಮಾಡುವುದು ಸಲ್ಲದು. ಬೀಜವನ್ನು ಭೂಮಿಗೆ ಹಾಕಿ ಆಕಾಶವನ್ನು ನೋಡುವವನಿಗೆ ಪ್ರಾರ್ಥನೆಯಲ್ಲದೆ ಬೇರೆ ಆಸರೆ ಎಲ್ಲಿದೆ? ಆದರೆ ವಿಪತ್ತಿನ ಕಾಲದಲ್ಲಿ ಕೈಮುಗಿಯುವವರು ಒಕ್ಕಲಿಗರಷ್ಟೇ ಅಲ್ಲ. ಅರಸರು ಮುಗಿದಿದ್ದಾರೆ, ಮಂತ್ರಿಗಳು ಮುಗಿದಿದ್ದಾರೆ, ಸರ್ಕಾರಗಳು ಸುತ್ತೋಲೆ ಹೊರಡಿಸಿ ಪೂಜೆ ಮಾಡಿಸಿವೆ. ಭಂಡಾರದ ಬೀಗದ ಕೈ ಇಲ್ಲದವನ ಪ್ರಾರ್ಥನೆಯೂ ಆ ಬೀಗದ ಕೈಯನ್ನು ಸೊಂಟದಲ್ಲಿಟ್ಟುಕೊಂಡವನ ಪ್ರಾರ್ಥನೆಯೂ ಒಂದೇ ಆದೀತೆ? ಬಸವಾದಿ ಪ್ರಮಥರ ಬದುಕು ಮತ್ತು ವಚನಗಳ ಬೆಳಕಿನಲ್ಲಿ ಈ ಪ್ರಶ್ನೆಯನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಜನರ ಪ್ರಾರ್ಥನೆಯನ್ನೇ ನೋಡೋಣ. ಮಳೆ ತಡೆದಾಗ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗುರ್ಜಿ ಹೊರುವ ಪದ್ಧತಿ ಇದೆ. ರೊಟ್ಟಿ ಸುಡುವ ಹಂಚಿನ ಮೇಲೆ ಗುರ್ಜಿಯ ಗೊಂಬೆಯನ್ನಿಟ್ಟು ತಲೆಯ ಮೇಲೆ ಹೊತ್ತು ಹುಡುಗರು ಮನೆಮನೆಗೆ ಹೋಗುತ್ತಾರೆ. ಮನೆಯವರು ಅದರ ಮೇಲೆ ನೀರು ಸುರಿದು ಕಾಳನ್ನೋ ಹಿಟ್ಟನ್ನೋ ಕೊಡುತ್ತಾರೆ. ಸಂಗ್ರಹವಾದುದನ್ನು ಬೇಯಿಸಿ ಊರವರೆಲ್ಲ ಕೂಡಿ ಉಣ್ಣುತ್ತಾರೆ. ಮಳೆ ಬರುವುದೋ ಬಿಡುವುದೋ, ಆ ದಿನ ಊರಲ್ಲಿ ಉಪವಾಸವಿದ್ದವನಿಗೆ ಒಂದು ತುತ್ತು ದೊರೆಯುತ್ತದೆ. ಯಾರ ಮನೆಯಲ್ಲಿ ಕಾಳಿದೆ, ಯಾರ ಮನೆಯಲ್ಲಿ ಇಲ್ಲ ಎಂಬುದು ಊರಿಗೆ ತಿಳಿಯುತ್ತದೆ. ಈ ಆಚರಣೆಯ ಗರ್ಭದಲ್ಲಿ ದಾಸೋಹದ ಒಂದು ಎಳೆ ಇದೆ.

ಇದೇ ನಾಡಿನಲ್ಲಿ ಇನ್ನೊಂದು ಬಗೆಯ ನಂಬಿಕೆಯೂ ಉಂಟು. ತೊನ್ನಿನಿಂದ ಬಳಲಿ ಸತ್ತವರನ್ನು ಹೂಳಿದ್ದರಿಂದ ಮಳೆ ಹೋಯಿತೆಂದು ಹೇಳಿ ಹೂತ ಶವವನ್ನು ಹೊರತೆಗೆಯುವ ಕ್ರೂರ ಪದ್ಧತಿಯ ವರದಿಗಳು ಬರಗಾಲದ ವರ್ಷಗಳಲ್ಲಿ ಮತ್ತೆ ಮತ್ತೆ ಬಂದಿವೆ. ಬದುಕಿರುವಾಗ ಸಮಾಜ ದೂರವಿಟ್ಟ ದೇಹಕ್ಕೆ ಸತ್ತ ಮೇಲೂ ನೆಮ್ಮದಿಯಿಲ್ಲ. ಗುರ್ಜಿಯೂ ನಂಬಿಕೆ, ಇದೂ ನಂಬಿಕೆ. ಆದರೆ ಮೊದಲನೆಯದು ಹಸಿದವನನ್ನು ಹುಡುಕುತ್ತದೆ, ಎರಡನೆಯದು ಅಪರಾಧಿಯನ್ನು ಹುಡುಕುತ್ತದೆ. ವಿಪತ್ತಿನಲ್ಲಿ ಶ್ರದ್ಧೆಯ ಮುಂದೆ ತೆರೆದುಕೊಳ್ಳುವ ಎರಡು ದಾರಿಗಳು ಇವೇ. ಅರಸರ ಶ್ರದ್ಧೆಯನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು.

ಅರಸರ ಪ್ರಾರ್ಥನೆಗೆ ಪುರಾಣದಷ್ಟೇ ಹಳೆಯ ಉದಾಹರಣೆ ಋಷ್ಯಶೃಂಗನ ಕಥೆ. ಅಂಗದೇಶದಲ್ಲಿ ಮಳೆ ನಿಂತುಹೋದಾಗ ರೋಮಪಾದ ರಾಜನು ಋಷ್ಯಶೃಂಗನನ್ನು ಕರೆತರಿಸಿದನೆಂದೂ, ಮುನಿಯು ಕಾಲಿಟ್ಟೊಡನೆ ಮಳೆ ಸುರಿಯಿತೆಂದೂ ರಾಮಾಯಣದಲ್ಲಿ ಬರುತ್ತದೆ. ಶೃಂಗೇರಿಯ ಬಳಿಯ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನ ದೇವಾಲಯವಿದ್ದು, ಮಳೆಗಾಗಿ ಅಲ್ಲಿ ಪೂಜೆ ಸಲ್ಲಿಸುವ ವಾಡಿಕೆ ಇಂದಿಗೂ ಇದೆ. ಕಥೆಯಲ್ಲಿ ಮುನಿಯ ಮಹಿಮೆಯನ್ನು ಎಲ್ಲರೂ ನೆನೆಯುತ್ತಾರೆ. ಅದರ ಮೊದಲ ಮಾತನ್ನು ನೆನೆಯುವವರು ಕಡಿಮೆ. ಅಂಗದೇಶಕ್ಕೆ ಬರ ಬಂದದ್ದು ರಾಜನ ಅಪಚಾರದಿಂದ ಎಂದು ವಾಲ್ಮೀಕಿ ಸ್ಪಷ್ಟವಾಗಿ ಹೇಳುತ್ತಾನೆ. ತಪ್ಪನ್ನು ಪ್ರಜೆಯ ಮೇಲಾಗಲಿ ಸತ್ತವರ ಮೇಲಾಗಲಿ ಹೊರಿಸದೆ ಸಿಂಹಾಸನದ ಮೇಲೆ ಹೊರಿಸಿದ ಕಥೆಯದು.

ಈ ಪರಂಪರೆ ಪ್ರಜಾಪ್ರಭುತ್ವದ ಕಾಲಕ್ಕೂ ಸಾಗಿಬಂದಿತು. 2012ರ ಜುಲೈ ತಿಂಗಳಲ್ಲಿ ಮಳೆ ಕೊರತೆಯಾದಾಗ ರಾಜ್ಯ ಸರ್ಕಾರವು ಮುಜರಾಯಿ ಇಲಾಖೆಯ ಸುಮಾರು 34,000 ದೇವಾಲಯಗಳಲ್ಲಿ ವಿಶೇಷ ಪೂಜೆ ನಡೆಸುವಂತೆ ಆದೇಶಿಸಿತು. ಪ್ರತಿ ದೇವಾಲಯಕ್ಕೆ 5,000 ರೂಪಾಯಿಯಂತೆ ಒಟ್ಟು ವೆಚ್ಚ ಸುಮಾರು 17 ಕೋಟಿ ರೂಪಾಯಿ ಎಂಬ ಲೆಕ್ಕ ಆಗ ಚರ್ಚೆಗೆ ಬಂದಿತು. 2017ರಲ್ಲಿ ಬೇರೊಂದು ಪಕ್ಷದ ಸರ್ಕಾರವು ಒಂದು ಕಡೆ ಮೋಡಬಿತ್ತನೆಗೆ ಸಿದ್ಧತೆ ಮಾಡುತ್ತ, ಇನ್ನೊಂದು ಕಡೆ ತಲಕಾವೇರಿಯಲ್ಲಿ ಮಳೆಗಾಗಿ ಪೂಜೆಯನ್ನೂ ನಡೆಸಿತು. 2019ರ ಜೂನ್ ತಿಂಗಳಲ್ಲಿ ಅಂದಿನ ಸಮ್ಮಿಶ್ರ ಸರ್ಕಾರದ ಕಾಲದಲ್ಲಿ ಮುಜರಾಯಿ ದೇವಾಲಯಗಳಲ್ಲಿ ಪರ್ಜನ್ಯ ಹೋಮ, ಜಪಗಳನ್ನು ನಡೆಸಲು ಸುತ್ತೋಲೆ ಹೊರಟಿತು. ಸಚಿವರು ಕಿಗ್ಗಕ್ಕೇ ಹೋಗಿ ಪೂಜೆಯಲ್ಲಿ ಪಾಲ್ಗೊಂಡರು. ಪಕ್ಷ ಯಾವುದಾದರೂ ಪದ್ಧತಿ ಒಂದೇ. ಆದ್ದರಿಂದ ಇದು ಒಂದು ಪಕ್ಷವನ್ನು ಹೊಗಳುವ, ಇನ್ನೊಂದನ್ನು ತೆಗಳುವ ವಿಷಯವಲ್ಲ.

ಅದೇ 2019ರ ಆಗಸ್ಟ್ ತಿಂಗಳಲ್ಲಿ ನಡೆದುದನ್ನು ಹಾವೇರಿ ಜಿಲ್ಲೆಯವರು ಮರೆತಿಲ್ಲ. ಜೂನ್‌ನಲ್ಲಿ ಬಾರದ ಮಳೆ ಆಗಸ್ಟ್‌ನಲ್ಲಿ ಒಮ್ಮೆಗೇ ಸುರಿದು ವರದಾ, ಧರ್ಮಾ, ಕುಮುದ್ವತಿ, ತುಂಗಭದ್ರಾ ನದಿಗಳೆಲ್ಲ ಉಕ್ಕಿದವು. ರಾಜ್ಯದ 22 ಜಿಲ್ಲೆಗಳು ನೆರೆಗೆ ತುತ್ತಾದವು. ಜೂನ್‌ನ ಹೋಮದಿಂದ ಮಳೆ ಬಂದಿತೆನ್ನುವುದಾದರೆ ಆಗಸ್ಟ್‌ನ ಪ್ರವಾಹದ ಹೊಣೆಯನ್ನೂ ಆ ಹೋಮವೇ ಹೊರಬೇಕಾಗುತ್ತದೆ. ಹಾಗೆ ಹೇಳಲು ಯಾರೂ ಮುಂದಾಗಲಿಲ್ಲ. ಮಳೆ ಬಂದರೆ ಪೂಜೆಯ ಫಲ, ನೆರೆ ಬಂದರೆ ಪ್ರಕೃತಿಯ ವಿಕೋಪ ಎಂಬ ಲೆಕ್ಕದಲ್ಲಿ ಆಳುವವನಿಗೆ ಜಮೆ ಮಾತ್ರ ಉಂಟು, ಖರ್ಚಿಲ್ಲ.

ಇಲ್ಲಿ ಬಸವಣ್ಣನವರ ಒಂದು ವಚನದ ಆಶಯ ನೆನಪಾಗುತ್ತದೆ. ಅಗ್ನಿಯನ್ನು ದೇವರೆಂದು ಆಹುತಿ ಕೊಡುವವರ ಮನೆಗೇ ಬೆಂಕಿ ತಗುಲಿದಾಗ ಅವರು ಏನು ಮಾಡುತ್ತಾರೆಂಬುದನ್ನು ಆ ವಚನದಲ್ಲಿ ಅಣ್ಣನವರು ಚಿತ್ರಿಸುತ್ತಾರೆ. ಮಂತ್ರವನ್ನು ಮರೆತು, ಕೈಗೆ ಸಿಕ್ಕ ಕೊಳಚೆಯ ನೀರನ್ನೂ ಬೀದಿಯ ಮಣ್ಣನ್ನೂ ಎರಚುತ್ತಾರೆ; ಬೊಬ್ಬೆಯಿಟ್ಟು ನೆರೆಯವರನ್ನು ಕೂಗುತ್ತಾರೆ; ನಿನ್ನೆಯವರೆಗೆ ವಂದಿಸಿದ ಅಗ್ನಿಯನ್ನೇ ನಿಂದಿಸುತ್ತಾರೆ. ಈ ವಚನವನ್ನು ಸಾಮಾನ್ಯವಾಗಿ ಯಜ್ಞಯಾಗಗಳ ವಿಡಂಬನೆಯೆಂದು ವ್ಯಾಖ್ಯಾನಿಸುವುದುಂಟು. ಅದು ಸರಿಯೇ. ಆದರೆ ಇದರೊಳಗೆ ವಿಪತ್ತಿನ ಒಂದು ತತ್ತ್ವವೂ ಅಡಗಿದೆ. ಸ್ವಂತ ಮನೆಗೆ ಬೆಂಕಿ ಬಿದ್ದವನು ನೀರನ್ನೇ ಹುಡುಕುತ್ತಾನೆ, ಜನರನ್ನೇ ಕೂಗುತ್ತಾನೆ. ಬೆಂಕಿಯು ಬೇರೆಯವರ ಮನೆಯಲ್ಲಿದ್ದಾಗ ಮಾತ್ರ ಆಹುತಿ ಕೊಡುತ್ತ ಕೂರುವಷ್ಟು ತಾಳ್ಮೆ ಇರುತ್ತದೆ. ಬರವು ಸಚಿವಾಲಯದ ಹೊಲದಲ್ಲಿ ಬೀಳುವುದಿಲ್ಲ; ಆದ್ದರಿಂದಲೇ ಅಲ್ಲಿಂದ ಸುತ್ತೋಲೆ ಹೊರಡುತ್ತದೆ.

ಇನ್ನೊಂದು ವಚನದಲ್ಲಿ ಅಣ್ಣನವರು, ಅಡುಗೆಯ ಬೆಂಕಿಗಾದರೆ ದೂರ ಸರಿದು ಬದುಕಬಹುದು, ಕಾಲ ಕೆಳಗಿನ ನೆಲವೇ ಬೆಂಕಿಯಾದರೆ ಸರಿಯುವುದು ಎಲ್ಲಿಗೆ ಎಂಬ ಅರ್ಥದ ಮಾತನ್ನು ಹೇಳಿ, ಕಾಯಬೇಕಾದುವೇ ಕಬಳಿಸತೊಡಗಿದಾಗ ದೂರು ಕೊಡುವುದು ಯಾರಿಗೆ ಎಂದು ಕೇಳುತ್ತಾರೆ. ಈ ವಚನಕ್ಕೆ ಬರಗಾಲದ ಇತಿಹಾಸವೇ ಒಂದು ದೀರ್ಘ ವ್ಯಾಖ್ಯಾನವಾಗಿದೆ.

1876ರಿಂದ 1878ರವರೆಗಿನ ಮಹಾಕ್ಷಾಮವನ್ನು ನೋಡಬಹುದು. ಆಗ ರಟ್ಟೀಹಳ್ಳಿಯ ಸೀಮೆಯು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಕೋಡ ತಾಲ್ಲೂಕಿಗೆ ಸೇರಿತ್ತು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು ಹತ್ತರಲ್ಲೊಂದು ಪಾಲು ಇಳಿಯಿತು. ಪಕ್ಕದ ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಅಳಿದರೆಂದು ಅಂದಾಜಿದೆ. ಜನರು ಹೀಗೆ ಸಾಯುತ್ತಿರುವಾಗಲೇ 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಘೋಷಿಸುವ ದರ್ಬಾರು ನಡೆಯಿತು. ಕಾಳುಕಡಿ ದೇಶದಿಂದ ಹೊರಕ್ಕೆ ಹೋಗುವುದೂ ನಿಲ್ಲಲಿಲ್ಲ.

ಅಂದಿನ ಆಳರಸರು ಹೋಮ ಮಾಡಿಸಲಿಲ್ಲ ನಿಜ. ಆದರೆ ಅವರಿಗೂ ಒಂದು ದೇವರಿತ್ತು. ಧಾನ್ಯದ ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದು, ಬೆಲೆ ಏರಿದರೆ ಕಾಳು ತಾನಾಗಿಯೇ ಹಸಿದೂರಿಗೆ ಹರಿದುಬರುತ್ತದೆ ಎಂಬುದು ಅವರ ಅಚಲವಾದ ನಂಬಿಕೆ. ಕಾಳು ಕೊಳ್ಳಲು ಕೈಯಲ್ಲಿ ಕಾಸಿಲ್ಲದವನ ಊರಿಗೆ ಅದು ಹರಿಯಲಿಲ್ಲ. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು, ಎಂದರೆ ಅರ್ಧ ಕಿಲೋಗ್ರಾಮಿಗೂ ಕಡಿಮೆ ಧಾನ್ಯಕ್ಕೆ ಇಳಿಸಿದ. ಕಲ್ಲು ಮಣ್ಣು ಹೊರುವವನಿಗೆ ಅದು ಸಾಲದೆಂದು ಮುಂಬಯಿ ಪ್ರಾಂತದ ಸಾವಿರಾರು ಕೂಲಿಗಳು ಕೆಲಸವನ್ನೇ ಬಿಟ್ಟು ಪ್ರತಿಭಟಿಸಿದರು. ಕ್ಷಾಮ ಕಳೆದ ಮೇಲೆ ನೇಮಕವಾದ ಆಯೋಗವು 1880ರ ವರದಿಯಲ್ಲಿ ಕ್ಷಾಮಪೀಡಿತರಿಗೆ ನೆರವು ಕೊಡುವುದು ಸರ್ಕಾರದ ಕರ್ತವ್ಯವೆಂದು ಒಪ್ಪಿತು. ನಿಸರ್ಗದ ನಿಯಮವೆಂದೋ ವ್ಯಾಪಾರದ ನಿಯಮವೆಂದೋ ದೈವೇಚ್ಛೆಯೆಂದೋ ಹೆಸರು ಬೇರೆಯಿರಬಹುದು. ಮಾಡಬೇಕಾದುದನ್ನು ಮಾಡದಿರಲು ನಂಬಿಕೆಯನ್ನು ನೆಪವಾಗಿಸುವ ರೀತಿ ಒಂದೇ.

ವಿಪತ್ತಿಗೆ ಪಾಪವನ್ನು ಕಾರಣವಾಗಿ ಹುಡುಕುವ ವಿಷಯದಲ್ಲಿ ಮಹಾತ್ಮರ ನಡುವೆಯೂ ಭಿನ್ನಾಭಿಪ್ರಾಯ ಉಂಟಾಗಿದೆ. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾದಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೆಂದು ಗಾಂಧೀಜಿ ಹೇಳಿದರು. ಅಸ್ಪೃಶ್ಯತೆಯನ್ನು ಅಷ್ಟೇ ತೀವ್ರವಾಗಿ ವಿರೋಧಿಸುತ್ತಿದ್ದ ರವೀಂದ್ರನಾಥ ಠಾಕೂರರು ಈ ಮಾತನ್ನು ಒಪ್ಪಲಿಲ್ಲ. ಭೌತಿಕ ದುರಂತಕ್ಕೆ ಭೌತಿಕ ಕಾರಣವೇ ಇರುತ್ತದೆ. ಈ ಬಗೆಯ ತರ್ಕವನ್ನು ಸುಧಾರಣೆಯ ವಿರೋಧಿಗಳೂ ಅಷ್ಟೇ ಸುಲಭವಾಗಿ ತಮ್ಮ ಪರವಾಗಿ ಬಳಸಬಹುದು ಎಂದು ಅವರು ಎಚ್ಚರಿಸಿದರು. ಗಾಂಧೀಜಿ ಆ ಟೀಕೆಯನ್ನು ತಮ್ಮ ಹರಿಜನ ಪತ್ರಿಕೆಯಲ್ಲಿಯೇ ಪ್ರಕಟಿಸಿ ಉತ್ತರ ಕೊಟ್ಟರು. ಗಾಂಧೀಜಿಯವರ ಉದ್ದೇಶ ಶುದ್ಧವಾದುದು. ಆದರೂ ಠಾಕೂರರ ಎಚ್ಚರಿಕೆಯೇ ಶರಣರ ದಾರಿಗೆ ಹೆಚ್ಚು ಸಮೀಪವಾದುದು. ದೇವರನ್ನು ದಂಡಾಧಿಕಾರಿಯನ್ನಾಗಿ ಮಾಡಿದರೆ ಆ ದಂಡವು ಕೊನೆಗೆ ಬಡವನ ಬೆನ್ನ ಮೇಲೆಯೇ ಬೀಳುತ್ತದೆ. ಬಿಹಾರದಲ್ಲಿ ಗೋಡೆಯಡಿ ಸಿಕ್ಕಿ ಸತ್ತವರಲ್ಲಿ ಅಸ್ಪೃಶ್ಯರೆನಿಸಿಕೊಂಡವರೂ ಇದ್ದರಲ್ಲವೇ?

ಹಾಗಾದರೆ ಅಧಿಕಾರದಲ್ಲಿರುವವನು ಪ್ರಾರ್ಥಿಸಲೇಬಾರದೆ? ಹಾಗೆ ಹೇಳುವಂತಿಲ್ಲ. ಬಸವಣ್ಣನವರೇ ಅಧಿಕಾರದಲ್ಲಿದ್ದವರು. ಬಿಜ್ಜಳನ ಭಂಡಾರಿಯಾಗಿದ್ದ ಅವರು ಹಗಲಿರುಳು ಕೂಡಲಸಂಗಮದೇವನನ್ನು ಸ್ಮರಿಸಿದವರು. ಭಕ್ತಿಯೂ ಭಂಡಾರವೂ ಒಂದೇ ಕೈಯಲ್ಲಿದ್ದ ಅಪರೂಪದ ಉದಾಹರಣೆ ಅವರದು. ಜಂಗಮ ದಾಸೋಹಕ್ಕಾಗಿ ಬಸವಣ್ಣನು ರಾಜಭಂಡಾರವನ್ನೇ ಬರಿದು ಮಾಡುತ್ತಿದ್ದಾನೆಂದು ಕೊಂಡೆಯರು ಬಿಜ್ಜಳನಿಗೆ ದೂರಿತ್ತ ಪ್ರಸಂಗವನ್ನು ಬಸವಪುರಾಣಾದಿ ಕೃತಿಗಳು ಬಣ್ಣಿಸುತ್ತವೆ. ಆಗ ಬಸವಣ್ಣನವರು, ನಾನು ಶಿವಭಕ್ತ, ನನ್ನನ್ನು ಪ್ರಶ್ನಿಸಬೇಡಿ ಎನ್ನಲಿಲ್ಲ. ಭಂಡಾರವನ್ನು ತೆರೆದು ಎಣಿಸಲು ಒಪ್ಪಿಕೊಟ್ಟರು. ಎಣಿಸಿದಾಗ ಒಂದು ಹಣವೂ ಕಡಿಮೆ ಬರಲಿಲ್ಲ ಎಂಬುದು ಕಥೆ.

ಈ ಕಥೆಯನ್ನು ಭಕ್ತರು ಪವಾಡವೆಂದು ಕೇಳುತ್ತ ಬಂದಿದ್ದಾರೆ. ಅದನ್ನು ಪವಾಡವಾಗಿ ನಂಬುವವರು ನಂಬಲಿ. ಆದರೆ ಅಣ್ಣನವರನ್ನು ಕೊಂಡಾಡಲೆಂದೇ ಹೊರಟ ಪುರಾಣಕಾರರು ಕೂಡ ಲೆಕ್ಕದ ಪರೀಕ್ಷೆಯನ್ನು ಬಿಟ್ಟು ಮುಂದೆ ಸಾಗಲಿಲ್ಲ ಎಂಬುದು ಗಮನಿಸತಕ್ಕ ಸಂಗತಿ. ಭಕ್ತಿಯಿಂದ ಲೆಕ್ಕಕ್ಕೆ ವಿನಾಯಿತಿ ದೊರೆಯುವುದಿಲ್ಲ. ಭಕ್ತನಾದವನ ಲೆಕ್ಕ ಇನ್ನಷ್ಟು ಚೊಕ್ಕವಾಗಿರಬೇಕು. ಆಳುವವನ ಪ್ರಾರ್ಥನೆಗೆ ಶರಣರು ಇಟ್ಟ ನಿಬಂಧನೆ ಇದೊಂದೇ.

ಲೆಕ್ಕವೆಂದರೆ ಹಣದ ಲೆಕ್ಕ ಮಾತ್ರವಲ್ಲ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಆತನ ಪತ್ನಿ ಆಯ್ದಕ್ಕಿ ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿದರು. ಬರಗಾಲದಲ್ಲಿ ಒಬ್ಬನ ಕಣಜದಲ್ಲಿ ಉಳಿದದ್ದು ಇನ್ನೊಬ್ಬನ ಗಂಗಾಳದಲ್ಲಿ ಕಡಿಮೆಯಾದದ್ದೇ ಎಂಬುದನ್ನು ತಿಳಿಯಲು ಲಕ್ಕಮ್ಮನವರಿಗೆ ಯಾವ ಆಯೋಗದ ವರದಿಯೂ ಬೇಕಾಗಲಿಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಮಳೆಯ ನೀರನ್ನು ಹಿಡಿದಿಡಲು ಕೆರೆಯನ್ನೇ ತೋಡಿಸಿದರು; ಇಂದಿನ ಸೊಲ್ಲಾಪುರದ ನಡುವೆ ಆ ಕೆರೆ ಈಗಲೂ ಇದೆ. ಅಲ್ಲಮಪ್ರಭುಗಳು ಬಂದು ಅವರನ್ನು ಮಣ್ಣು ಹೊರುವ ಒಡ್ಡನೆಂದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಪ್ರಭುಗಳು ಕೆಣಕಿದ್ದು ಕೆರೆಯ ಹೆಸರಿನಲ್ಲಿ ಬೆಳೆದೀತಾದ ಅಹಂಕಾರವನ್ನು, ಕೆರೆಯನ್ನಲ್ಲ. ರಟ್ಟೀಹಳ್ಳಿಯಿಂದ ಮೇಲಕ್ಕೆ ಇದೇ ಕುಮುದ್ವತಿಗೆ ಎರಡು ಗುಡ್ಡಗಳ ನಡುವೆ ಒಡ್ಡು ಕಟ್ಟಿದ ಮದಗ-ಮಾಸೂರು ಕೆರೆಯನ್ನು ನೋಡಿದವರಿಗೆ ಹಿಂದಿನವರ ಪ್ರಾರ್ಥನೆ ಎಷ್ಟು ಟನ್ನು ಕಲ್ಲುಮಣ್ಣಿನದಾಗಿತ್ತೆಂಬುದು ತಿಳಿಯುತ್ತದೆ.

ಇತ್ತೀಚಿನ ಎರಡು ವಿಪತ್ತುಗಳೂ ಇದೇ ಪಾಠವನ್ನು ಹೇಳಿವೆ. 2020ರ ಕೋವಿಡ್ ಕಾಲದಲ್ಲಿ ಗುಡಿ, ಮಸೀದಿ, ಇಗರ್ಜಿಗಳೆಲ್ಲ ಮುಚ್ಚಿದ್ದವು. ಆ ವರ್ಷ ಏಪ್ರಿಲ್ 26ರ ಬಸವ ಜಯಂತಿಯಂದು ಮೆರವಣಿಗೆಯಿರಲಿಲ್ಲ. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡವನಿಗೆ ಮಾತ್ರ ಬಾಗಿಲು ಮುಚ್ಚಿದ ದೇವಾಲಯವೆಂಬುದೇ ಇರಲಿಲ್ಲ. ಮನೆಯಲ್ಲಿ ಕುಳಿತು ಪೂಜಿಸುವುದೇ ನೆರೆಯವನ ಜೀವ ಕಾಯುವ ಮಾರ್ಗವೂ ಆಯಿತು. ಜುಲೈ ತಿಂಗಳಲ್ಲಿ ಅಂದಿನ ಆರೋಗ್ಯ ಸಚಿವರು ಇನ್ನು ದೇವರೇ ಕಾಪಾಡಬೇಕು ಎಂಬರ್ಥದ ಮಾತನ್ನಾಡಿದರು. ಟೀಕೆ ಬಂದಾಗ, ತಮ್ಮ ಮಾತಿಗೆ ಬೇರೆ ಅರ್ಥ ಕಲ್ಪಿಸಲಾಗಿದೆಯೆಂದು ಸ್ಪಷ್ಟನೆ ಕೊಟ್ಟರು. ಅದೇ ಮಾತನ್ನು ಆಸ್ಪತ್ರೆಯ ಬಾಗಿಲಲ್ಲಿ ನಿಂತ ತಾಯಿಯೊಬ್ಬಳು ಆಡಿದ್ದರೆ ಅದು ಪ್ರಾರ್ಥನೆ. ಆಸ್ಪತ್ರೆಗಳ ಹೊಣೆ ಹೊತ್ತವರ ಬಾಯಲ್ಲಿ ಬಂದಾಗ ಜನರಿಗೆ ಅದು ಕೈಚೆಲ್ಲಿದಂತೆ ಕೇಳಿಸಿತು. ಮಾತು ಒಂದೇ, ನಿಂತ ಜಾಗ ಬೇರೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಪರಿಹಾರಕ್ಕಾಗಿ ಕೇಂದ್ರಕ್ಕೂ ರಾಜ್ಯಕ್ಕೂ ವಾದವಿವಾದ ನಡೆದು, 2024ರ ಮಾರ್ಚ್‌ನಲ್ಲಿ ರಾಜ್ಯವು ಸರ್ವೋಚ್ಚ ನ್ಯಾಯಾಲಯದ ಮೊರೆಹೋಯಿತು. 18,171 ಕೋಟಿ ರೂಪಾಯಿಗಳ ಬೇಡಿಕೆಗೆ ಎದುರಾಗಿ ಏಪ್ರಿಲ್ ಕೊನೆಯಲ್ಲಿ ಸುಮಾರು 3,454 ಕೋಟಿ ಮಂಜೂರಾಯಿತು. ಯಾರ ವಾದ ಸರಿಯೆಂಬುದು ಇಲ್ಲಿಯ ಪ್ರಶ್ನೆಯಲ್ಲ. ನ್ಯಾಯಾಲಯದ ಅರ್ಜಿಯಲ್ಲಿಯೂ ಕೊನೆಯ ಕೋರಿಕೆಯನ್ನು ಪ್ರಾರ್ಥನೆಯೆಂದೇ ಕರೆಯುತ್ತಾರೆ. ಅಲ್ಲಿಯ ಪ್ರಾರ್ಥನೆಗೆ ಅಂಕಿಸಂಖ್ಯೆಗಳ ಆಧಾರ ಬೇಕು, ಎದುರುಪಕ್ಷದವರು ಉತ್ತರ ಕೊಡಬೇಕು. ಆಳುವವರ ಪ್ರಾರ್ಥನೆಯೆಲ್ಲ ಈ ಬಗೆಯದಾದರೆ ಪ್ರಜೆಗಳಿಗೆ ಒಳಿತು.

ಕೊನೆಯದಾಗಿ, ಈ ಮಾತುಗಳನ್ನು ಮಂತ್ರಿಗಳಿಗೆ ಮಾತ್ರ ಹೇಳಿ ಸುಮ್ಮನಾಗುವುದು ನ್ಯಾಯವಲ್ಲ. ಮಠಗಳೂ ಈ ಪ್ರಶ್ನೆಯ ಹೊರಗಿಲ್ಲ. ಮಹಾಕ್ಷಾಮ ಬಿದ್ದಾಗ ರಾಣೆಬೆನ್ನೂರು ಸೀಮೆಯ ಜೋಯಿಸರಹರಳಹಳ್ಳಿಯಲ್ಲಿ ಹತ್ತು ವರ್ಷದ ಆಸುಪಾಸಿನ ಬಾಲಕರಾಗಿದ್ದ ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಮುಂದೆ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದಾಗ, ಅದಕ್ಕಾಗಿ ಜೋಳಿಗೆ ಹಿಡಿದದ್ದು ಭಕ್ತರ ಮುಂದೆ. ಇಂದು ಸರ್ಕಾರದ ಆಯವ್ಯಯದಲ್ಲಿ ಮಠಗಳಿಗೂ ಅನುದಾನ ದೊರೆಯುತ್ತದೆ. ಅನುದಾನ ಪಡೆದ ಕೈ, ಆಳುವವರು ಆಶೀರ್ವಾದಕ್ಕೆ ಬಂದಾಗ ಅವರ ಕೆರೆಯ ಹೂಳನ್ನೂ ಮೇವಿನ ದಾಸ್ತಾನನ್ನೂ ವಿಚಾರಿಸಲು ಹಿಂಜರಿದರೆ, ಆ ಆಶೀರ್ವಾದಕ್ಕೆ ಬೆಲೆಯೇನು? ನೆರೆ ಬಂದಾಗ ಮಠದ ಬಾಗಿಲು ಯಾವ ಜಾತಿಯವರಿಗೂ ತೆರೆದಿರುತ್ತದೆಯೇ, ದಾಸೋಹಕ್ಕೆಂದು ಬಂದ ಕಾಳಿನ ಲೆಕ್ಕವನ್ನು ಭಕ್ತರು ಕೇಳಬಹುದೇ ಎಂಬ ಪ್ರಶ್ನೆಗಳನ್ನು ಮಠಗಳು ತಮಗೆ ತಾವೇ ಹಾಕಿಕೊಳ್ಳಬೇಕಾಗಿದೆ.

ಕೂಡಲಸಂಗಮಕ್ಕೆ ಹೋದ ಭಕ್ತರೆಲ್ಲರೂ ಅಣ್ಣನವರ ಐಕ್ಯಮಂಟಪವನ್ನು ಕಂಡಿರುತ್ತಾರೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಆ ಪವಿತ್ರ ಸ್ಥಳವನ್ನು ಆವರಿಸುವಂತಾದಾಗ, ನೀರೇ ಹಿಂದೆ ಸರಿಯಲಿ ಎಂದು ಕಾಯುತ್ತ ಕೂರಲಿಲ್ಲ. ಸುತ್ತಲೂ ಬಾವಿಯಂತೆ ಎತ್ತರವಾದ ಗೋಡೆ ಕಟ್ಟಿದರು. ಇಂದಿಗೂ ಸುತ್ತ ನೀರು ನಿಂತಿರುವಾಗ ಭಕ್ತರು ಮೆಟ್ಟಿಲಿಳಿದು ಒಳಗೆ ಹೋಗಿ ಕೈಮುಗಿದು ಬರುತ್ತಾರೆ. ಆ ಗೋಡೆಯನ್ನು ಕಟ್ಟಿದ ಕಾಯಕವೂ ಒಳಗೆ ನಿಂತು ಮಾಡುವ ಪ್ರಾರ್ಥನೆಯೂ ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಕುಮುದ್ವತಿಯ ದಂಡೆಯಲ್ಲಿರಲಿ, ವಿಧಾನಸೌಧದಲ್ಲಿರಲಿ, ವಿಪತ್ತು ಎದುರಾದಾಗ ಸದ್ಭಕ್ತರು ಮೊದಲು ಕೇಳಬೇಕಾದದ್ದು ಗೋಡೆ ಕಟ್ಟಿಯಾಯಿತೆ, ಹಸಿದವನಿಗೆ ತುತ್ತು ಮುಟ್ಟಿತೆ ಎಂಬುದನ್ನು. ಅದಾದ ಮೇಲೆ ಮುಗಿದ ಕೈಗಳನ್ನು ಕೂಡಲಸಂಗಮದೇವನು ಒಲ್ಲೆನೆನ್ನಲಾರನು.